ಹಳೇ ಟ್ಯಾಂಕಿಗೆ ಹೊಸ ಮರಳು: ಸುಮ್ನೆ ಸುರೀಬೇಡಿ

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಮನೆಯ ಹಾಲ್ ಚಂದ ಮಾಡುವ ಬಗ್ಗೆ ಬಂದ ಬರಹ ಓದಿದೆ. ಉಪ್ಪುನೀರಿನ ಅಕ್ವೇರಿಯಂ ಇದ್ದವರಿಗೆ ಅದರಲ್ಲೊಂದು ಸಲಹೆ ಇತ್ತು: ತಳಕ್ಕೆ ಒಂದಿಷ್ಟು ಬಿಳಿ ಮರಳು ಹಾಕಿ, ಹಳೇ ಟ್ಯಾಂಕ್ ಹೊಸದರಂತೆ ಕಾಣುತ್ತದೆ ಅಂತ. ಕಾಣುತ್ತದೆ, ಇಲ್ಲ ಅನ್ನಲ್ಲ. ಆದರೆ ನೋಡೋಕೆ ಒಳಗೆ ಮೀನು ಉಳಿದಿರಬೇಕಲ್ವಾ?

ರಾಜಾಜಿನಗರದ ನಮ್ಮ ಮನೆಯಲ್ಲಿ ಮೂರಡಿ ಉದ್ದದ ಟ್ಯಾಂಕ್ ಇದೆ, ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಮೂರು ವರ್ಷ ಯಾವ ತಕರಾರೂ ಇರಲಿಲ್ಲ. ತಳದ ಮರಳು ಕಂದು ಬಣ್ಣಕ್ಕೆ ತಿರುಗಿತ್ತು ಅನ್ನೋದೊಂದೇ ಬೇಜಾರು. ಅಂಗಡಿಯವರು (ಹೆಸರು ಬೇಡ ಬಿಡಿ) 20 ಕೆಜಿ ಮರಳು ಕೊಟ್ಟು, 'ಏನಿಲ್ಲ ಸಾರ್, ಸುರೀತಾ ಹೋಗಿ, ಎರಡು ಗಂಟೇಲಿ ತಿಳಿಯಾಗುತ್ತೆ' ಅಂದರು. ನಾನೂ ತೊಳೆಯದೆ ಮೇಲಿಂದ ಸುರಿದೆ. ಅಕ್ಕಿ ತೊಳೆದ ನೀರಿನ ಹಾಗಾಯಿತು ಟ್ಯಾಂಕ್. ಫಿಲ್ಟರ್ ಕಟ್ಟಿಕೊಂಡಿತು. ಅದೇ ಸಂಜೆ ಮಳೆ ಬಂದು ಕರೆಂಟ್ ಹೋಯಿತು, ನಮ್ಮೂರಿನ ಮಳೆ ಗೊತ್ತಲ್ಲ, ಪಂಪ್ ನಿಂತಿತು, ರಾತ್ರಿಯೆಲ್ಲ ಟಾರ್ಚ್ ಹಿಡಿದು ಕೂತರೂ ಬೆಳಿಗ್ಗೆ ಹೊತ್ತಿಗೆ ಜೋಡಿ ಕ್ಲೌನ್ ಮೀನಿನಲ್ಲಿ ಒಂದು ಹೋಗಿತ್ತು. ಯಾವಾಗಲೂ ಸೊನ್ನೆ ತೋರಿಸುತ್ತಿದ್ದ ಅಮೋನಿಯಾ ಟೆಸ್ಟ್ ಅವತ್ತು ಹಸಿರಾಯಿತು, ಅಂದರೆ ಮೀನಿಗೆ ವಿಷವಾದ ಅಮೋನಿಯಾ ನೀರಿನಲ್ಲಿ ಏರಿತ್ತು.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಹಳೇ ಮರಳು ಬರೀ ಮರಳಲ್ಲ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ, ಸಣ್ಣ ಹುಳುಗಳು ಎಲ್ಲ ಅದರಲ್ಲಿ ಸಂಸಾರ ಹೂಡಿರುತ್ತವೆ. ಅದರ ಮೇಲೆ ಒಂದೇ ಸಲ ಇಂಚು ದಪ್ಪ ಮರಳು ಹೊದಿಸಿದರೆ ಕೆಳಗೆ ಆಮ್ಲಜನಕ ಸಿಗುವುದಿಲ್ಲ. ಸತ್ತದ್ದು ಅಲ್ಲೇ ಕೊಳೆಯುತ್ತದೆ. ಮರಳು ಅಲ್ಲಲ್ಲಿ ಕಪ್ಪಾಗಿ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಸಾಲದ್ದಕ್ಕೆ ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ, ಅದಕ್ಕೇ ಪಂಪ್ ನಿಂತರೆ ಅಷ್ಟು ಬೇಗ ಕಷ್ಟ.

ಹಾಕಲೇಬೇಡಿ ಅಂತಲ್ಲ. ಒಣ ಮರಳಾದರೆ ಬಕೆಟ್ಟಿನಲ್ಲಿ ಅಕ್ಕಿ ತೊಳೆದ ಹಾಗೆ ನೀರು ತಿಳಿಯಾಗುವ ತನಕ ತೊಳೆಯಿರಿ, ಕೊನೆಯ ಸಲ ಆರ್‌ಒ ನೀರಿನಲ್ಲಿ. ನಾನು ಒಂದೂವರೆ ಇಂಚಿನ ಪಿವಿಸಿ ಪೈಪ್ ತಳಕ್ಕೆ ಮುಟ್ಟಿಸಿ, ಮೇಲೆ ಆಲಿಕೆ ಇಟ್ಟು, ಟ್ಯಾಂಕಿನದೇ ನೀರಿನಲ್ಲಿ ಕಲಸಿದ ಮರಳನ್ನು ಲೋಟ ಲೋಟವಾಗಿ ಬಿಡುತ್ತೇನೆ. ಸುರಿಯುವಷ್ಟು ಹೊತ್ತು ಮಾತ್ರ ಪಂಪ್ ಆಫ್. ಒಂದು ದಿನ ಒಂದು ಮೂಲೆ, ಅದೂ ತೆಳ್ಳಗೆ, ಆಮೇಲೆ ಒಂದು ವಾರ ಬಿಟ್ಟು ಅಮೋನಿಯಾ ನೋಡಿಕೊಂಡು ಇನ್ನೊಂದು ಮೂಲೆ. ಹಳೇ ಮರಳನ್ನು ಕೆದಕಲ್ಲ. ಬಂಡೆಗಳನ್ನು ಎತ್ತಿ ಹೊಸ ಮರಳಿನ ಮೇಲೆ ಕೂರಿಸಲೂಬಾರದು, ಅವು ಗಾಜಿನ ಮೇಲೇ ನಿಲ್ಲಬೇಕು. ಇಲ್ಲದಿದ್ದರೆ ಮರಳು ತೋಡುವ ಮೀನು, ಸಿಗಡಿ ಬುಡ ಸಡಿಲ ಮಾಡಿ ಮೈಮೇಲೆ ಬೀಳಿಸಿಕೊಳ್ಳುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಮಲ್ಪೆಗೆ ಹೋದವರು ಬರುವಾಗ ಡಿಕ್ಕಿಯಲ್ಲಿ ಎರಡು ಚೀಲ ಮರಳು ತಂದುಬಿಡುತ್ತಾರೆ, ಸಮುದ್ರದ್ದೇ ತಾನೇ ಅಂತ. ನಮ್ಮ ಕರಾವಳಿಯ ಮರಳಿನಲ್ಲಿ ಸಿಲಿಕಾ ಜಾಸ್ತಿ, ಜೊತೆಗೆ ದೋಣಿಯ ಎಣ್ಣೆ, ಇನ್ನೇನೇನೋ. ತೀರದ ಮರಳು ತೆಗೆಯುವುದಕ್ಕೆ ಕಾನೂನಿನ ನಿರ್ಬಂಧವೂ ಇದೆ. ಈ ಟ್ಯಾಂಕಿಗೆ ಸಾಮಾನ್ಯವಾಗಿ ಹಾಕುವುದು ಅರಗೊನೈಟ್, ಅಂದರೆ ಸುಣ್ಣದ ಅಂಶದ ಮರಳು. ಅಂಗಡಿಯ ಮರಳಿನ ಮೇಲೆ ಅನುಮಾನ ಇದ್ದರೆ ಒಂದು ಚಿಟಿಕೆಗೆ ವಿನೆಗರ್ ಹಾಕಿ ನೋಡಿ. ನೊರೆ ಬರದಿದ್ದರೆ ಅದು ಅರಗೊನೈಟ್ ಅಲ್ಲ.

ಅಂದಹಾಗೆ, ನಿಮ್ಮ ಫೋಟೊದಲ್ಲಿದ್ದ ಹವಳ ನೋಡಿ ಯಾರೂ ಅಂಗಡಿಗೆ ಓಡದಿರಲಿ. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ. ಇದನ್ನಾದರೂ ಫೋಟೊದ ಕೆಳಗೆ ಒಂದು ಸಾಲು ಹಾಕಬಹುದಿತ್ತು. ಮರಳಿನ ವಿಷಯಕ್ಕೂ ಮುಂದಿನ ಪುರವಣಿಯಲ್ಲಿ ನಾಲ್ಕು ಸಾಲು ಜಾಗ ಕೊಡಿ, ಜಾಸ್ತಿ ಏನೂ ಬೇಡ.

ಉಳಿದ ಒಂಟಿ ಕ್ಲೌನ್ ಚೆನ್ನಾಗಿದೆ. ಟ್ಯಾಂಕಿನಲ್ಲಿ ಇನ್ನೂ ಎರಡು ಮೂಲೆಗೆ ಮರಳು ಹಾಕುವುದಿದೆ, ಚೀಲ ಬಾಲ್ಕನಿಯಲ್ಲಿ ಕೂತಿದೆ.

ಇಂತಿ,
ನಿಮ್ಮ ಹಳೇ ಓದುಗ,
ರಾಜಾಜಿನಗರ, ಬೆಂಗಳೂರು