ಸೈಟಿಗೆ ಟೋಕನ್ ಕೊಡುವ ಮುಂಚೆ

ಚಿ॥ ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಚಿಕ್ಕಬಳ್ಳಾಪುರದ ಹತ್ತಿರ 30×40 ಸೈಟು ನೋಡಿದ್ದೀಯಂತೆ, ಭಾನುವಾರ ಟೋಕನ್ ಕೊಡುತ್ತೀಯಂತೆ. ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಈ ಕಡೆಯ ರಾಗಿ ಹೊಲ, ದ್ರಾಕ್ಷಿ ತೋಟಗಳೆಲ್ಲ ಒಂದೊಂದಾಗಿ ಕಲ್ಲು ನೆಟ್ಟ ಬಡಾವಣೆಯಾಗುತ್ತಿವೆ. ಕೊಳ್ಳಬೇಡ ಅನ್ನುವುದಿಲ್ಲ. ಆದರೆ ಆ ನೆಲ ಮುಂಚೆ ಏನಾಗಿತ್ತು ಅಂತ ತಿಳಿದುಕೊಂಡು ಕೊಳ್ಳು.

ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಹಳ್ಳ ವರ್ಷಾನುಗಟ್ಟಲೆ ಒಣಗಿದ್ದರೆ ಜೆಸಿಬಿ ಬಿಟ್ಟು ಮಟ್ಟ ಮಾಡಿ ಕಲ್ಲು ನೆಡುತ್ತಾರೆ. 2021ರ ನವೆಂಬರಿನಂಥ ಮಳೆ ಬಂದಾಗ ನೀರು ಪಾಯಕ್ಕೇ ನುಗ್ಗುತ್ತದೆ. ಆದ್ದರಿಂದ ಗ್ರಾಮ ನಕ್ಷೆ ತೆಗೆಸು. ಹಳ್ಳ, ಬಂಡಿದಾರಿ ಅದರಲ್ಲಿರುತ್ತವೆ. ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ನಡುವೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ (ಅಳತೆಗೆ ಮಾತ್ರ ಅದನ್ನು ನಂಬಬೇಡ).

ಪಹಣಿ ಕೈಗೆ ಬಂದರೆ ಎಲ್ಲರೂ 9ನೇ ಕಾಲಂನ ಹೆಸರು ನೋಡಿ ಮಡಚಿಡುತ್ತಾರೆ. ನೀನು 3ನೇ ಕಾಲಂ ನೋಡು. ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು ‘ಅ’, ‘ಬ’ ಅಂತ ಇರುತ್ತದೆ. ‘ಅ’ ಬೆಳೆಗೆ ಬಾರದ ಕಲ್ಲುನೆಲ. ‘ಬ’ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. 6 ಗುಂಟೆ ‘ಬ’ ಇದೆ ಅಂದುಕೋ: 6,534 ಚದರ ಅಡಿ, ಐದು ಸೈಟಿನ ಜಾಗ. ಬಡಾವಣೆ ನಕ್ಷೆಯಲ್ಲಿ ಅದನ್ನು ಎಲ್ಲಿ ಬಿಟ್ಟಿದ್ದೀರಿ ಅಂತ ಬೆರಳಿಟ್ಟು ತೋರಿಸಲು ಹೇಳು.

ಸೈಟುಗಳನ್ನೂ ಎಣಿಸು. ರಸ್ತೆ, ಪಾರ್ಕು ನಿಯಮದಂತೆ ಬಿಟ್ಟರೆ ಎಕರೆಗೆ ಇಪ್ಪತ್ತರ ಆಸುಪಾಸು 30×40 ಸೈಟು ಸಿಗುತ್ತವೆ. ಮೂವತ್ತು ಕಂಡರೆ ಪಾರ್ಕು ಬರೀ ಬ್ರೋಶರಿನಲ್ಲಿದೆ ಅಂತಲೇ ಅರ್ಥ. ನಮೂನೆ 11ಬಿ ತೋರಿಸಿ ‘ಇ-ಖಾತಾ ಆಗಿದೆ ಸಾರ್’ ಅಂದರೆ ಮರುಳಾಗಬೇಡ. 11ಎ ಅನುಮೋದನೆ ಪಡೆದ ಸೈಟಿಗೆ, 11ಬಿ ಅನುಮೋದನೆ ಇಲ್ಲದ್ದಕ್ಕೆ.

ಇಸಿ (ಋಣಭಾರ ಪ್ರಮಾಣಪತ್ರ) ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲಿನಿಂದೀಚೆಗೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಬೇರೆಯಾಗಿ ಕೇಳಿ ಪಡೆ. ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಅಲ್ಲಿಗೇ ಕೈಬಿಡು. ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಜಮೀನು ವಾಪಸ್ ಕೇಳಲು ಕಾಲಮಿತಿಯೇ ಇಲ್ಲ. ಪಿತ್ರಾರ್ಜಿತವಾದರೆ ವಂಶವೃಕ್ಷ ಹಿಡಿದು ಹೆಣ್ಣುಮಕ್ಕಳ ಸಹಿಯೂ ಇದೆಯೇ ನೋಡು.

ಇನ್ನು ನೀರು. ಅಲ್ಲಿ ಸಾವಿರ ಅಡಿ ಕೊರೆದರೂ ಬೋರಿಗೆ ಗ್ಯಾರಂಟಿಯಿಲ್ಲ, ಬಿದ್ದ ನೀರಲ್ಲೂ ಫ್ಲೋರೈಡ್ ಇರಬಹುದು, ಪರೀಕ್ಷೆ ಮಾಡಿಸು. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಎಲ್ಲರ ಮನೆಗೂ ಪಿಟ್ ಗುಂಡಿಯೇ. ಗುಂಡಿಗೂ ಬೋರಿಗೂ ಕನಿಷ್ಠ 50 ಅಡಿ ಬೇಕು. 30×40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೇ 50 ಅಡಿ! ನೀನು ಹೇಗೋ ಹೊಂದಿಸಿಕೊಂಡರೂ ಪಕ್ಕದ ಮನೆಯವರ ಗುಂಡಿ ನಿನ್ನ ಬೋರಿನ ಬುಡಕ್ಕೇ ಬರುತ್ತದೆ. ಬಡಾವಣೆಗೆಲ್ಲ ಸೇರಿ ಓವರ್‌ಹೆಡ್ ಟ್ಯಾಂಕು, ಕೊಳಚೆ ಶುದ್ಧೀಕರಣ ಘಟಕ ಇದ್ದರೆ ಮಾತ್ರ ಮುಂದಿನ ಮಾತು.

ಭಾನುವಾರದ ಟೋಕನ್ ನಿಲ್ಲಿಸು. ಜೋರು ಮಳೆ ಬಂದ ಮಾರನೆಯ ದಿನ ಹೋಗಿ ಸೈಟಿನಲ್ಲಿ ನಿಂತು ನೋಡು. ಸರ್ವೆ ನಂಬರ್ ಬರೆದು ಕಳಿಸು.

ನಿನ್ನ ದೊಡ್ಡಪ್ಪ