ಅಂಬಾಸಿಡರ್‌ನ ಸೆಲ್ಫ್ ಬಿಚ್ಚುವ ಮುನ್ನ

ಕ್ಷೇಮ

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಕಾಗದ ತಲುಪಿತು. ನಿನ್ನ ಅಂಬಾಸಿಡರ್ ಕಾರಿನ ಸೆಲ್ಫ್ (ಎಂಜಿನ್ ಹತ್ತಿಸಲು ಅದನ್ನು ತಿರುಗಿಸುವ ಸ್ಟಾರ್ಟರ್ ಮೋಟರ್) ಹೊಡೆದರೆ ಒಂದೇ ಸಲ ಟಕ್ ಅನ್ನುತ್ತೆ, ಎಂಜಿನ್ ತಿರುಗಲ್ಲ, ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತೆ ಅಂತ ಬರೆದಿದ್ದೀಯ. ಮೆಕ್ಯಾನಿಕ್ ಹೊಸ ಸೆಲ್ಫ್ ತರಲು ಹೇಳಿದನಂತೆ. ತರಬೇಡ. ಇಷ್ಟು ಲಕ್ಷಣದಿಂದ ಸೆಲ್ಫ್ ಕೆಟ್ಟಿದೆ ಅಂತ ಯಾರಿಗೂ ಹೇಳಲಾಗದು.

ದೀಪ ಉರಿಯುತ್ತೆ ಅಂದರೆ ಬ್ಯಾಟರಿ, ವೈರು ಎರಡೂ ಸರಿ ಇವೆ ಅನ್ನುವುದು ತಪ್ಪು ತರ್ಕ. ಕೇಬಲ್ಲಿನ ತುದಿಯಲ್ಲೆಲ್ಲೋ ಕಿಲುಬು ಹಿಡಿದು 0.01 ಓಮ್‌ನಷ್ಟು ಅಡ್ಡಿ ಇದೆ ಅಂದುಕೋ. ದೀಪದ 5 ಆಂಪಿಯರ್ ಅಲ್ಲಿ ಹಾದರೆ ನಷ್ಟ 0.05 ವೋಲ್ಟ್, ಕಣ್ಣಿಗೆ ಗೊತ್ತಾಗದು. ಎಂಜಿನ್ ತಿರುಗಿಸಲು 150 ಆಂಪಿಯರ್ ಹಾದರೆ ಅದೇ ಜಾಗದಲ್ಲಿ 1.5 ವೋಲ್ಟ್ ಹೋಯಿತು. ಅಂಥ ಜಾಗ ಎರಡೋ ಮೂರೋ ಇದ್ದರೆ ಸೆಲ್ಫ್ ಮುಟ್ಟುವ ಹೊತ್ತಿಗೆ ಕರೆಂಟಿನಲ್ಲಿ ದಮ್ಮೇ ಇರದು.

ಮೊದಲು ಗೇರ್ ನ್ಯೂಟ್ರಲ್‌ಗೆ ಹಾಕು, ಹ್ಯಾಂಡ್‌ಬ್ರೇಕ್ ಎಳೆ, ಇಗ್ನಿಷನ್ ಆಫ್ ಇಟ್ಟು ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿ ನೋಡು. ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟುಕೋ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಉಳಿಯುತ್ತೆ. ಎಂಜಿನ್ ಸಲೀಸಾಗಿ ತಿರುಗಿದರೆ ಅದು ಸಿಕ್ಕಿಕೊಂಡಿಲ್ಲ, ಮುಂದಕ್ಕೆ ಹೋಗು. ಒಂಚೂರೂ ಅಲುಗದಿದ್ದರೆ ಬೆಂಡಿಕ್ಸ್, ಅಂದರೆ ಸೆಲ್ಫಿನಿಂದ ಮುಂದೆ ಬಂದು ಎಂಜಿನ್ ತಿರುಗಿಸುವ ಹಲ್ಲುಚಕ್ರದ ಜೋಡಣೆ, ಎಂಜಿನ್ನಿನ ಫ್ಲೈವೀಲ್ ಸುತ್ತಲಿರುವ ಹಲ್ಲಿನ ರಿಂಗಿನಲ್ಲಿ ಕಚ್ಚಿಕೊಂಡಿರಬಹುದು. ಆಗ ಟಾಪ್ ಗೇರ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಸಮತಟ್ಟಾದ ಕಡೆ ಕಾರನ್ನು ಹಿಂದೆ ಮುಂದೆ ತೂಗು, ಬಿಟ್ಟುಕೊಳ್ಳುತ್ತೆ. ಬಿಡದಿದ್ದರೆ ಸೆಲ್ಫಿನ ತುದಿಯಲ್ಲಿರುವ ಪುಟ್ಟ ಮುಚ್ಚಳ ತೆಗೆ, ಒಳಗೆ ಶಾಫ್ಟಿನ ಚೌಕ ತುದಿ ಸಿಗುತ್ತೆ. ಅದನ್ನು ಸ್ಪ್ಯಾನರ್‌ನಿಂದ ತಿರುಗಿಸಬಹುದು. ಆ ಚೌಕ ಇಟ್ಟಿರುವುದೇ ಇದಕ್ಕೆ.

ಟಕ್ ಅನ್ನುವುದು ಎಲ್ಲಿಂದ ಅಂತ ಕಿವಿಗೊಟ್ಟು ಕೇಳು. ಬ್ಯಾಟರಿ ಹತ್ತಿರದ ಸೊಲೆನಾಯ್ಡ್‌ನಿಂದ (ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಬಂದರೆ ಕೀ, ಸಣ್ಣ ವೈರು ಸರಿ ಇವೆ. ತೊಂದರೆ ದಪ್ಪ ಕೇಬಲ್ಲಿನ ಹಾದಿಯಲ್ಲಿ. ಕೆಳಗಿನಿಂದ ಕಟ್ ಅಂತ ಭಾರವಾದ ಸದ್ದು ಬಂದರೆ ಬೆಂಡಿಕ್ಸ್ ರಿಂಗಿಗೆ ಬಡಿದು ನಿಲ್ಲುತ್ತಿದೆ. ಟಕಟಕ ಅಂತ ಬಿಡದೆ ಹೊಡೆದುಕೊಂಡರೆ ಬ್ಯಾಟರಿ ಸೊರಗಿದೆ, ಇಲ್ಲವೇ ಟರ್ಮಿನಲ್ ಸಡಿಲ. ಮೋಟರ್ ಬುರ್ ಅಂತ ಖಾಲಿ ತಿರುಗಿದರೆ ಬೆಂಡಿಕ್ಸ್ ಮುಂದೆ ಬರುತ್ತಿಲ್ಲ.

ಈಗ ಮಲ್ಟಿಮೀಟರ್. 20 ವೋಲ್ಟ್ ಡಿಸಿಗೆ ಇಡು. ಎಂಜಿನ್ ಹತ್ತಿಕೊಳ್ಳದ ಹಾಗೆ ಇಗ್ನಿಷನ್ ಕಾಯಿಲಿನ ಸಣ್ಣ ವೈರು ತೆಗೆ. ಬ್ಯಾಟರಿಯ ಎರಡು ಸೀಸದ ಕಂಬಗಳ ಮೇಲೆ ಮೀಟರಿನ ಕಡ್ಡಿ ಇಟ್ಟರೆ 12.6 ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ, ಚಾರ್ಜ್ ಮಾಡಿಸದೆ ಮುಂದಿನ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಒಬ್ಬರನ್ನು ಕೂರಿಸಿ ಸೆಲ್ಫ್ ಹೊಡೆಸು, ಆಗಲೂ 9.6ಕ್ಕಿಂತ ಕೆಳಗೆ ಇಳಿಯಬಾರದು. ಒಮ್ಮೆಗೆ ಐದು ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷ ಬಿಡು.

ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಲೈವ್ ಕಂಬದ (ಸೆಲ್ಫಿನ ಕಡೆಗೆ ಕೇಬಲ್ ಹೋಗುವ ಕಂಬ) ಮೇಲೆ, ಇನ್ನೊಂದು ಸೆಲ್ಫಿನ ಬೋಲ್ಟಿನ ಮೇಲೆ. ಕ್ಲ್ಯಾಂಪಿನ ಮೇಲೆ ಇಡಬೇಡ, ಕಂಬದ ಮೇಲೇ ಇಡು. ಕಿಲುಬು ಕೂತಿರುವುದು ಅವೆರಡರ ಮಧ್ಯೆ. ಸೆಲ್ಫ್ ಹೊಡೆಯುವಾಗ 0.5 ವೋಲ್ಟ್ ಮೀರಬಾರದು. ಮೀರಿದರೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳ ನಡುವೆ ಅಳೆ. ಅಲ್ಲೇ 0.2ಕ್ಕಿಂತ ಹೆಚ್ಚಿದ್ದರೆ ಒಳಗಿನ ಪಾಯಿಂಟ್ ಸುಟ್ಟಿದೆ, ಸೊಲೆನಾಯ್ಡ್ ಒಂದನ್ನೇ ಬದಲಿಸು. ಕೊನೆಗೆ ಅರ್ತ್ ಕಡೆ, ಅಂದರೆ ಕರೆಂಟ್ ಕಾರಿನ ಲೋಹದ ಮೈ ಹಿಡಿದು ಬ್ಯಾಟರಿಗೆ ವಾಪಸಾಗುವ ಹಾದಿ: ಬ್ಯಾಟರಿಯ ಅರ್ತ್ ಕಂಬದಿಂದ ಸೆಲ್ಫಿನ ಮೈಗೆ. ಇಲ್ಲಿ 0.3ರ ಒಳಗಿರಬೇಕು. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ಕಂಬವೇ ಕಾರಿನ ಮೈಗೆ) ಇರುವುದುಂಟು, ನಿನ್ನದು ಯಾವುದೆಂದು ಮೊದಲೇ ನೋಡಿಕೋ. ಸೆಲ್ಫಿಗೆ ಅದರಿಂದ ವ್ಯತ್ಯಾಸವಿಲ್ಲ, ಇಂಥ ಸೀರೀಸ್ ಮೋಟರ್‌ಗೆ ಪ್ಲಸ್, ಮೈನಸ್ ಹೇಗೆ ಕೊಟ್ಟರೂ ಒಂದೇ ಕಡೆ ತಿರುಗುತ್ತೆ. ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ರೇಡಿಯೋ ಮಾತ್ರ ಉಲ್ಟಾ ಕೊಟ್ಟರೆ ಸಹಿಸುವುದಿಲ್ಲ.

ನನ್ನ ಅನುಮಾನವೆಲ್ಲ ಈ ಅರ್ತ್ ಮೇಲೆಯೇ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹಾಯದು. ಅದಕ್ಕೇ ಎಂಜಿನ್ನಿನಿಂದ ಕಾರಿನ ಮೈಗೆ ಒಂದು ತಾಮ್ರದ ಹೆಣಿಗೆಯ ಪಟ್ಟಿ ಇರುತ್ತೆ. ಗೇರ್‌ಬಾಕ್ಸ್ ಇಳಿಸಿ ಏರಿಸಿದವರು ಅದನ್ನು ಮರೆತುಬಿಡುತ್ತಾರೆ. ಆಗ ಆ ಕರೆಂಟೆಲ್ಲ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಹೋಗುತ್ತೆ. ಸೆಲ್ಫ್ ಹೊಡೆದ ಕೂಡಲೆ ಚೋಕ್ ಕೇಬಲ್ ಮುಟ್ಟಿ ನೋಡು, ಬಿಸಿ ಇದ್ದರೆ ಕಳ್ಳ ಸಿಕ್ಕ. ಪಟ್ಟಿ ಹೊಸದು ಹಾಕಿ, ಎರಡೂ ಕಡೆ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ ಬಿಗಿ. ಬ್ಯಾಟರಿ ಕಂಬಗಳನ್ನು ಅಡುಗೆ ಸೋಡ ಕದಡಿದ ನೀರಿನಲ್ಲಿ ತೊಳೆದು ಒರೆಸಿ, ಬಿಗಿದ ಮೇಲೆ ವ್ಯಾಸಲೀನ್ ಸವರು. ಯಾರಾದರೂ ತೆಳ್ಳನೆ ಕೇಬಲ್ ಹಾಕಿದ್ದರೆ ಕಿತ್ತು 25ರಿಂದ 35 ಚದರ ಮಿ.ಮೀ. ತಾಮ್ರದ್ದು ಹಾಕು.

ಇಷ್ಟೆಲ್ಲ ಸರಿಯಿದ್ದು, ಸೆಲ್ಫಿನ ಬೋಲ್ಟಿನಲ್ಲಿ 10 ವೋಲ್ಟ್ ಬರುತ್ತಿದ್ದರೂ ತಿರುಗದಿದ್ದರೆ ಆಗ ಇಳಿಸು. ಬ್ಯಾಟರಿಯ ಅರ್ತ್ ಕೇಬಲ್ ಮೊದಲು ತೆಗೆ. ಸೆಲ್ಫಿನ ದಪ್ಪ ಕೇಬಲ್ಲಿಗೆ ಫ್ಯೂಸ್ ಇಲ್ಲ; ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೆ ವೆಲ್ಡಿಂಗ್ ಆಗಿಬಿಡುತ್ತೆ. ಕಾರಿನ ಕೆಳಗೆ ನುಸುಳುವುದಿದ್ದರೆ ಬರೀ ಜಾಕ್ ನಂಬಬೇಡ, ಸ್ಟ್ಯಾಂಡ್ ಕೊಡು. 1489 ಸಿಸಿ ಎಂಜಿನ್ನಿಗೆ ಸೆಲ್ಫ್ ಹಿಡಿದಿರುವುದು ಎರಡೇ ಬೋಲ್ಟ್.

ಇಳಿಸಿದ ಮೇಲೆ ಬೆಂಡಿಕ್ಸ್ ಕಡೆ ನೋಡು. ಅದರ ಪುಟ್ಟ ಹಲ್ಲುಚಕ್ರ, ಪಿನಿಯನ್, ಕೈಯಲ್ಲಿ ಸಲೀಸಾಗಿ ಸುತ್ತುತ್ತ ಮುಂದೆ ಬಂದು ತಾನಾಗಿ ಹಿಂದೆ ಹೋಗಬೇಕು. ಅಂಟಿಕೊಂಡಿದ್ದರೆ ಸೀಮೆಎಣ್ಣೆಯಲ್ಲಿ ಬ್ರಶ್ ಹಾಕಿ ತೊಳೆದು ಒಣಗಿಸು. ಗ್ರೀಸ್ ಹಚ್ಚಲೇಬೇಡ. ಕ್ಲಚ್ ಪ್ಲೇಟಿನ ಪುಡಿ ಗ್ರೀಸಿಗೆ ಮೆತ್ತಿ ಮತ್ತೆ ಹಿಡಿದುಕೊಳ್ಳುತ್ತೆ. ತೊಳೆದ ಕೆಲವೇ ತಿಂಗಳಲ್ಲಿ ಪುನಃ ಎಣ್ಣೆ ಕಂಡರೆ ಅದು ಎಂಜಿನ್ನಿನ ಹಿಂಬದಿಯಿಂದ ಸೋರಿ ಬಂದದ್ದು. ಆ ಎಂಜಿನ್ನಿಗೆ ಅದು ಹುಟ್ಟುಗುಣ. ಬೆಂಡಿಕ್ಸಿನ ದೊಡ್ಡ ಸ್ಪ್ರಿಂಗ್ ಬಿಚ್ಚಲು ಸರಿಯಾದ ಕ್ಲ್ಯಾಂಪ್ ಬೇಕು, ಇಲ್ಲದಿದ್ದರೆ ಮುಖಕ್ಕೆ ಹಾರುತ್ತೆ. ಬಿಡುಬೀಸಾಗಿ ಪ್ರಯತ್ನ ಮಾಡದೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕೊಡು. ಸೆಲ್ಫ್ ಇದ್ದ ತೂತಿನಲ್ಲಿ ಟಾರ್ಚ್ ಬಿಟ್ಟು, ಎಂಜಿನ್ ಮೆಲ್ಲಗೆ ತಿರುಗಿಸುತ್ತ ರಿಂಗಿನ ಹಲ್ಲು ಪೂರ್ತಿ ನೋಡು. ನಾಲ್ಕು ಸಿಲಿಂಡರ್ ಎಂಜಿನ್ ಸಾಮಾನ್ಯವಾಗಿ ಎರಡೇ ಜಾಗದಲ್ಲಿ ನಿಲ್ಲುವುದರಿಂದ ಎದುರುಬದುರಾಗಿ ಅಲ್ಲೇ ಹಲ್ಲು ಸವೆದಿರುತ್ತೆ.

ಇನ್ನು ಕಾರ್ಬನ್, ಅಂದರೆ ಸೆಲ್ಫಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡುಗಳು. ನಾಲ್ಕು ಇರುತ್ತವೆ. 8 ಮಿ.ಮೀ.ಗಿಂತ ಚಿಕ್ಕದಾಗಿದ್ದರೆ ನಾಲ್ಕನ್ನೂ ಬದಲಿಸು. ಎರಡರ ವೈರು ಫೀಲ್ಡ್ ಕಾಯಿಲಿಗೆ (ಸೆಲ್ಫಿನ ಒಳಮೈಗೆ ಕೂರಿಸಿದ ಸುರುಳಿ) ಬೆಸೆದಿರುತ್ತೆ. ಕಾಯಿಲ್ ಅಲ್ಯೂಮಿನಿಯಮ್ ಆದರೆ ಅದಕ್ಕೆ ಬೆಸುಗೆ ಹಿಡಿಯದು, ಹಾಗಾಗಿ ಹಳೆಯ ವೈರನ್ನು ಬುಡದಿಂದ ಕತ್ತರಿಸದೆ 6 ಮಿ.ಮೀ. ತುಂಡು ಉಳಿಸಿ ಅದಕ್ಕೇ ಹೊಸದನ್ನು ಬೆಸೆ. ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಕಮ್ಯುಟೇಟರನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸು. ಕಪ್ಪು ಹೋಗದಿದ್ದರೆ ನುಣುಪಾದ ಗ್ಲಾಸ್ ಪೇಪರ್, ಎಮರಿ ಬೇಡ. ಡೈನಮೋ ರೂಢಿಯವರು ತಾಮ್ರದ ಪಟ್ಟಿಗಳ ನಡುವಿನ ಮೈಕಾ ಕೆರೆಯಲು ಹೊರಡುತ್ತಾರೆ. ಈ ಸೆಲ್ಫಿನಲ್ಲಿ ಮೈಕಾ ಕೆರೆಯಬಾರದು, ಬಿಗಿಯಾಗಿ ಹೇಳು.

ಆರ್ಮೇಚರಿನ (ಒಳಗೆ ತಿರುಗುವ ಭಾಗ) ಮೈಮೇಲೆ ಉಜ್ಜಿದ ಹೊಳಪು ಗೆರೆ ಕಂಡರೆ, ಶಾಫ್ಟನ್ನು ಹಿಡಿದಿರುವ ಬಳೆಯಾದ ಬುಷ್ ಸವೆದು ಆರ್ಮೇಚರ್ ಸುತ್ತಲಿನ ಕಬ್ಬಿಣದ ಪೋಲ್‌ಗಳಿಗೆ ತಾಗುತ್ತಿದೆ ಎಂದರ್ಥ. ಬಿಸಿಯಾದಾಗ ಸೆಲ್ಫ್ ಎಳೆಯದಿರುವುದಕ್ಕೆ ಇದೂ ಒಂದು ಕಾರಣ. ಹೊಸ ಕಂಚಿನ ಬುಷ್ ಹಾಕುವ ಮುನ್ನ ಒಂದು ದಿನ ಪೂರ್ತಿ ಎಂಜಿನ್ ಆಯಿಲಿನಲ್ಲಿ ನೆನೆಸಿಡು, ರೀಮರ್ (ತೂತು ಹಿಗ್ಗಿಸುವ ಉಪಕರಣ) ಹಾಕಿಸಬೇಡ. ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ.

ವಾಪಸ್ ಕೂರಿಸುವಾಗ ಸೆಲ್ಫಿನ ಮುಖ, ಎಂಜಿನ್ನಿನ ಮುಖ ಎರಡರ ಬಣ್ಣವನ್ನೂ ಕೆರೆ, ಅರ್ತ್ ಸಿಗುವುದು ಅಲ್ಲಿಂದಲೇ. ಕೇಬಲ್ಲಿನ ನಟ್ ಬಿಗಿಯುವಾಗ ಒಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೋ. ಬೋಲ್ಟ್ ತಿರುಚಿದರೆ ಒಳಗೆ ಫೀಲ್ಡ್ ಕಾಯಿಲಿನ ಬೆಸುಗೆ ಕಿತ್ತುಬರುತ್ತೆ. ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಸವೆದ ಕಾರ್ಬನ್, ಬುಷ್ ಜೊತೆಗೆ ಸೆಲ್ಫಿನ ಮೈಮೇಲೆ ಕೆತ್ತಿದ ನಂಬರನ್ನೂ ಬರೆದುಕೊಂಡು ಹೋಗು. ಇಸುಜು ಎಂಜಿನ್ನಿನ ಅಂಬಾಸಿಡರಿಗೆ ಬರುವ ಸೆಲ್ಫೇ ಬೇರೆ. ಬರೀ ಅಂಬಾಸಿಡರ್ ಅಂದರೆ ಅದನ್ನೇ ಕಟ್ಟಿ ಕೊಟ್ಟಾರು.

ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ