ಅರ್ಧ ಓದಿದ ಪುಸ್ತಕಗಳ ರವಿವಾರ

ಧಾರವಾಡ
ರವಿವಾರ, ಸಂಜೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನಾನು "ಈಗ ಏನ್ ಓದಾಕತ್ತೀ?" ಅಂತ ಕೇಳಿದರೆ ನೀನು "ಏನಿಲ್ಲ ಬಿಡವ್ವಾ" ಅಂದುಬಿಟ್ಟೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಮಾತು ಬೇರೆ ಕಡೆ ಹೋಯಿತು. ಆದರೆ ನೀನು ಏನಿಲ್ಲ ಅನ್ನುವಾಗ ಪುಟ ತಿರುಗಿಸಿದ ಸಪ್ಪಳ ನನಗೆ ಕೇಳಿಸಿತ್ತು. ಇರಲಿ, ಮೊದಲು ನನ್ನ ಓದಿನ ಸುದ್ದಿ ಹೇಳುತ್ತೇನೆ.

ನಮ್ಮ ಗುಂಪಿನ ವಿಷಯ ನಿನಗೆ ಪೂರ್ತಿ ಹೇಳಿಲ್ಲ ಅಲ್ವಾ? ಮಾಳಮಡ್ಡಿಯಲ್ಲಿ ಗಣಿತ ಮಾಸ್ತರ ಮನೆಯ ಪಡಸಾಲೆಯಲ್ಲಿ ಪ್ರತಿ ರವಿವಾರ ಹತ್ತು ಗಂಟೆಗೆ ಸೇರುತ್ತೇವೆ. ಆರೇಳು ಜನ. ಬೇಂದ್ರೆಯವರ ಗೆಳೆಯರ ಗುಂಪು ಇದ್ದ ಊರು ಇದು. ಸುಭಾಷ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ದೊಡ್ಡ ದೊಡ್ಡ ಬರಹಗಾರರು ಹರಟೆ ಹೊಡೆದ ಊರು. ನಮಗೆ ಬರೆಯುವ ಹುಚ್ಚಿಲ್ಲ. ಸುಮ್ನೆ ಓದುವವರು. ಒಂದು ಬುಟ್ಟಿ ಗಿರ್ಮಿಟ್, ಎರಡು ಸಲ ಚಹಾ, ಮುಗೀತು.

ಒಂದೇ ಕಾನೂನು. ಓದಿ ಮುಗಿಸಿದ ಪುಸ್ತಕ ತರುವ ಹಾಗಿಲ್ಲ. ಮೊದಮೊದಲು ಒಬ್ಬರು ಮುಗಿಸಿದ ಪುಸ್ತಕ ಹಿಡಿದು ಮುಕ್ಕಾಲು ತಾಸು ಭಾಷಣ ಮಾಡುತ್ತಿದ್ದರು, ಉಳಿದವರು ಗಡಿಯಾರ ನೋಡುತ್ತಿದ್ದೆವು. ಅದಕ್ಕೇ ಹೀಗೆ ಮಾಡಿದೆವು. ಅರ್ಧಕ್ಕೆ ನಿಂತ ಪುಸ್ತಕದ ಮೇಲೆ ಭಾಷಣ ಮಾಡಲಿಕ್ಕೆ ಆಗುವುದಿಲ್ಲ. ಮುಂದೇನಾಗುತ್ತದೋ ಹೇಳುವವರಿಗೇ ಗೊತ್ತಿರುವುದಿಲ್ಲವಲ್ಲ.

ಮಾಸ್ತರು ಕಿಟೆಲ್ ನಿಘಂಟು ಓದುತ್ತಿದ್ದಾರೆ. ಹೌದು, 1894ರಲ್ಲಿ ಮಂಗಳೂರಿನಲ್ಲಿ ಮೊದಲು ಅಚ್ಚಾಯಿತಲ್ಲ, ಅದೇ. ಶಬ್ದ ಹುಡುಕುವುದಕ್ಕಲ್ಲ, 'ಅ'ದಿಂದ ಸಾಲಾಗಿ ಓದುವುದಕ್ಕೆ. ದೀಪಾವಳಿಗೆ ಹಿಡಿದರು, ಈಗ 'ಕ'ದಲ್ಲಿ ಸಿಕ್ಕಿಬಿದ್ದಿದ್ದಾರೆ. "ಕ ಅನ್ನೂದು ಕಾಡು ಇದ್ದಂಗ ಐತ್ರಿ, ಹೊಕ್ಕರ ಹೊರಗ ಬರಾಕ ದಾರಿ ಇಲ್ಲ" ಅನ್ನುತ್ತಾರೆ. ಜರ್ಮನಿಯಿಂದ ಬಂದ ಪಾದ್ರಿ ಕಿಟೆಲ್ ಅಲ್ಲಲ್ಲಿ ನಮ್ಮ ಗಾದೆಗಳನ್ನೂ ಸೇರಿಸಿದ್ದಾರೆ. ಗಾದೆ ಸಿಕ್ಕ ವಾರ ಮಾಸ್ತರ ಮುಖ ನೋಡಬೇಕು ನೀನು.

ನನ್ನ ಕೈಯಲ್ಲಿ ಕುಮಾರವ್ಯಾಸನ ಗದುಗಿನ ಭಾರತ. ಹೋದ ವರ್ಷ ಯುಗಾದಿಗೆ ಹಿಡಿದದ್ದು. ದಿನಕ್ಕೆ ಹತ್ತು ಪದ್ಯ, ಕೆಲವು ದಿನ ಅದೂ ಇಲ್ಲ. ಗಟ್ಟಿಯಾಗಿ ಓದದಿದ್ದರೆ ನನಗೆ ತಲೆಗೆ ಹತ್ತುವುದಿಲ್ಲ. ಭಾಮಿನಿ ಷಟ್ಪದಿಯ ನಡಿಗೆ ಮೂರು ನಾಲ್ಕು, ಮೂರು ನಾಲ್ಕು. ಹದಿನಾಲ್ಕು ಮಾತ್ರೆಯ ಎರಡು ಸಾಲು ಪಟಪಟ ಹೋಗುತ್ತವೆ, ಮೂರನೆಯದು ಉದ್ದಕ್ಕೆ ಕಾಲು ಚಾಚುತ್ತದೆ. ಈ ನಡಿಗೆ ನನಗೆ ಸಿಕ್ಕಿದ್ದು ಪುಸ್ತಕದ ಮುಂದೆ ಅಲ್ಲ, ರೊಟ್ಟಿ ಬಡಿಯುವಾಗ. ಹಿಂದಿನ ದಿನದ ಪದ್ಯ ಬಾಯಲ್ಲಿತ್ತು, ಕೈ ತಾನೇ ತಾಳ ಹಾಕಿತು. ಮೂರನೇ ಸಾಲಿಗೆ ರೊಟ್ಟಿ ಹರಿಯಿತು. ನಗಬೇಡ.

ಈ ತಿಂಗಳು ವಿರಾಟಪರ್ವಕ್ಕೆ ಬಂದೆ. ಮಳೆ ಬರದಿದ್ದರೆ ಹಳ್ಳಿಯ ಗುಡಿಯಲ್ಲಿ ವಿರಾಟಪರ್ವ ಓದಿಸುತ್ತಾರಲ್ಲ, ನಿನ್ನ ಮುತ್ಯಾನೂ ಓದುತ್ತಿದ್ದರು. ಈ ಸಲ ಮಿರಗದ ಮಳೆ ಬರದೆ ಒಣಗಿಯೇ ಹೋಯಿತು. ನಾನು ಶುರು ಮಾಡಿದ ಮೂರನೇ ದಿನಕ್ಕೆ ಆರಿದ್ರಾ ಹಿಡಿಯಿತು ನೋಡು, ಇನ್ನೂ ಬಿಟ್ಟಿಲ್ಲ. ಪಕ್ಕದ ಮನೆಯವಳು ಕಾಂಪೌಂಡ್ ಆಚೆಯಿಂದ ಕೂಗುತ್ತಾಳೆ: "ಅಕ್ಕಾರ, ನಿಮ್ಮ ವಿರಾಟಪರ್ವ ಸಾಕ್ ಮಾಡ್ರಿ, ಅರಿವಿ ಒಣಗವಲ್ವು!"

ಅರಿವಿ ಅಂದಾಗ ಗದಗ ನೆನಪಾಯಿತು. ಹೋದ ತಿಂಗಳು ನಾನೂ ನಿಮ್ಮಪ್ಪನೂ ವೀರನಾರಾಯಣನ ಗುಡಿಗೆ ಹೋಗಿದ್ದೆವು. ಕುಮಾರವ್ಯಾಸ ಒರಗಿ ಕೂತ ಕಂಬ ಅಂತ ಒಂದನ್ನು ತೋರಿಸುತ್ತಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕೂರುತ್ತಿದ್ದನಂತೆ. ಬಟ್ಟೆ ಆರುವವರೆಗೆ ಪದ್ಯ ಬರುತ್ತಿತ್ತಂತೆ, ಆರಿದರೆ ಅವತ್ತಿನದು ಮುಗಿಯಿತು. ಹಲಗೆ ಬಳಪ ಹಿಡಿಯುವುದಿಲ್ಲ, ಇಟ್ಟ ಪದ ಅಳಿಸುವುದಿಲ್ಲ ಅಂತ ಹೇಳಿಕೊಂಡವನು, ಹತ್ತು ಪರ್ವಕ್ಕೆ ನಿಲ್ಲಿಸಿದ. ಅವನ ಊರು ಕೋಳಿವಾಡ ಅಲ್ವಾ, ನಿಮ್ಮಪ್ಪ ಕಂಬವನ್ನು ಮೇಲಿಂದ ಕೆಳಗೆ ನೋಡಿ, "ಕೋಳಿವಾಡದಾಂವ ಗದಗಿನ ಬಿಸಲಿಗೆ ಯಾಕ ಬಂದಾ? ಧಾರವಾಡದ ಮಳಿಗೆ ಬಂದಿದ್ರ ಉಳಿದ ಎಂಟು ಪರ್ವಾನೂ ಮುಗೀತಿದ್ವು" ಅಂದರು. ಗುಡಿಯಲ್ಲಿ ನಗಬಾರದು ಅಂತ ಸೆರಗು ಬಾಯಿಗೆ ಹಿಡಿದುಕೊಂಡೆ.

ಹೋದ ರವಿವಾರ ನಾನು ಓದಿದ್ದು ದ್ರೌಪದಿ ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ಭಾಗ. ಕೀಚಕನ ಕಾಟ ತಡೆಯಲಾಗದೆ ಬಂದಿದ್ದಾಳೆ. ಐದು ಜನ ಗಂಡಂದಿರಲ್ಲಿ ಅವಳು ಹುಡುಕಿಕೊಂಡು ಹೋಗುವುದು ಅಡುಗೆಯವನ ವೇಷದಲ್ಲಿ ಇರುವವನನ್ನು. ಅವನೂ ಮೊದಲು ಒಪ್ಪುವುದಿಲ್ಲ. ಹಳೆಯ ಸಿಟ್ಟೆಲ್ಲ ಹೊರಗೆ ಬರುತ್ತದೆ. ಅವಳು ಅಳುತ್ತಾಳೆ, ಆಗ ಕರಗುತ್ತಾನೆ. ಕಣ್ಣೀರು ಒರೆಸಿ, ಕೂದಲು ನೇವರಿಸಿ, ಮಂಚದ ಪಕ್ಕದಲ್ಲಿದ್ದ ಗಿಂಡಿಯ ನೀರಿನಿಂದ ಅವಳ ಮುಖ ತೊಳೆಯುತ್ತಾನೆ.

ನಾನು ಓದಿಕೊಂಡು ಮುಂದೆ ಹೊರಟಿದ್ದೆ. ಕೀಚಕನ ಕಾಳಗದ ಅವಸರ ನನಗೆ. ಮೂಲೆಯಲ್ಲಿದ್ದ ಮೌಶಿ ತಡೆದರು. ಅವರಿಗೆ ಎರಡೂ ಕಣ್ಣಿಗೆ ಪೊರೆ, ಪುಸ್ತಕ ತರುವುದಿಲ್ಲ, ಕೇಳಲಿಕ್ಕೆ ಬರುತ್ತಾರೆ. "ಗಿಂಡಿ ಅಂದೆಲ್ಲ, ಅದನ್ನ ಇನ್ನೊಮ್ಮೆ ಓದು" ಅಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಷ್ಟ ಸಿಟ್ಟಿನಾಗ, ಅಷ್ಟ ಕತ್ತಲಾಗ, ನೀರಿನ ಗಿಂಡಿಗೆ ಕೈ ಚಾಚ್ಯಾನ ನೋಡು. ಕೀಚಕ ಅಲ್ಲೇ ಸತ್ತ. ಮುಂದಿಂದು ಬರೇ ಗುದ್ದಾಟ."

ಮನೆಗೆ ಬಂದು ಆ ಪದ್ಯವನ್ನು ನಾಲ್ಕು ಸಲ ಓದಿದೆ. ಪಕ್ಕದಲ್ಲಿ ಪೆನ್ಸಿಲಿನಿಂದ "ಮೌಶಿ" ಅಂತ ಬರೆದಿಟ್ಟೆ.

ಈಗ ಅಸಲು ವಿಷಯ. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಎರಡು ತಿಂಗಳಿಂದ ಬರುತ್ತಿದ್ದಾಳೆ. ನಿನಗಿಂತ ಸಣ್ಣವಳು. ಇವತ್ತು ಅವಳು ತಂದಿದ್ದು ಫುಟ್‌ಪಾತಿನಲ್ಲಿ ಇಪ್ಪತ್ತು ರೂಪಾಯಿಗೆ ಸಿಕ್ಕ ಪತ್ತೇದಾರಿ ಕಾದಂಬರಿ. ಕೊನೆಯ ಹದಿನಾರು ಪುಟ ಕಿತ್ತುಹೋಗಿವೆ. "ನಂದು ಕಾಯಂ ಅರ್ಧ ಓದಿದ ಪುಸ್ತಕ ಆತ್ರಿ" ಅಂದಳು. ಒಂದು ಕೊಲೆ, ಮೂವರ ಮೇಲೆ ಅನುಮಾನ. ಇಡೀ ಪಡಸಾಲೆ ಎದ್ದು ಕೂತಿತು. ಮಾಸ್ತರು ಕಿಟೆಲ್ ಪಕ್ಕಕ್ಕಿಟ್ಟು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅಂತ ಕ್ಯಾಲೆಂಡರ್ ಹಿಂದೆ ಕೋಷ್ಟಕ ಹಾಕಿದರು. ಮೌಶಿಗೆ ಅಡುಗೆಯವನ ಮೇಲೆ ಅನುಮಾನ, ಭೀಮನ ಪ್ರಭಾವ ಇರಬೇಕು. ಗಿರ್ಮಿಟ್ ಮೆತ್ತಗಾಯಿತು, ಯಾರೂ ಮುಟ್ಟಲಿಲ್ಲ.

ನಾನೂ ನಗುತ್ತಿದ್ದೆ. ಆಮೇಲೆ ನೀನು ನೆನಪಾದೆ.

ನೀನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಗಣಿತ ಪುಸ್ತಕದೊಳಗೆ ಇಂಥದ್ದೇ ಒಂದನ್ನು ಇಟ್ಟುಕೊಂಡು ಓದುತ್ತಿದ್ದೆ. ನಾನು ಕಸಿದುಕೊಂಡೆ. ಕಸಿದದ್ದಲ್ಲದೆ, ಬಂದ ನೆಂಟರ ಮುಂದೆ ಅದನ್ನು ಎತ್ತಿ ತೋರಿಸಿ "ಇದೂ ಒಂದು ಓದೇನು?" ಅಂದೆ. ಅವರೂ ನಕ್ಕರು. ನೀನು ಏನೂ ಅನ್ನಲಿಲ್ಲ, ಒಳಗೆ ಹೋದೆ. ಆವತ್ತಿನಿಂದ ನಾನು ಏನು ಓದುತ್ತೀ ಅಂತ ಕೇಳಿದಾಗಲೆಲ್ಲ "ಏನಿಲ್ಲ". ನಾನೇ ಕಲಿಸಿದ ಉತ್ತರ ಅದು. ಇಷ್ಟು ವರ್ಷ ಗೊತ್ತಾಗಲಿಲ್ಲ ನೋಡು. ತಪ್ಪಾಯಿತು ಮಗಳೇ.

ಇನ್ನೊಂದು ಒಪ್ಪಿಕೊಳ್ಳಬೇಕು. ಆ ರಾತ್ರಿ ನೀವೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಅದನ್ನು ನಾನು ಓದಿದೆ. ಮುಗಿದಾಗ ಎರಡು ಗಂಟೆ ಆಗಿತ್ತು. ಬೆಳಿಗ್ಗೆ ಟ್ರಂಕಿನ ತಳಕ್ಕೆ ಹಾಕಿಬಿಟ್ಟೆ. ಇವತ್ತು ಮಧ್ಯಾಹ್ನ ತೆಗೆದು ನೋಡಿದೆ. ನೀನು ಗುರುತಿಗೆ ಇಟ್ಟ ಬಸ್ ಟಿಕೆಟ್ ಇನ್ನೂ 112ನೇ ಪುಟದಲ್ಲೇ ಇದೆ. ಕೊನೆಯ ಪುಟಗಳೂ ಇವೆ.

ಈಗ ಏನು ಓದುತ್ತಿದ್ದೀಯ, ಎಷ್ಟನೇ ಪುಟದಲ್ಲಿದ್ದೀಯ, ಬರೆ. ಕೊಲೆ ಮಾಡಿದವರು ಯಾರು ಅಂತ ಆಮೇಲೆ ಹೇಳುತ್ತೇನೆ.

ನಿನ್ನ
ಅವ್ವ